ಚಿಕ್ಕಬಳ್ಳಾಪುರ, 3ನೇ ಕ್ರಾಸ್ ವಾಟ್ಸಾಪ್ ಗುಂಪು: ರಾತ್ರಿ ಅಡುಗೆಮನೆಗೆ ಬಂದ ಮೋರಿ ನೀರು

14ನೇ ಮನೆ (ಬೆಳಿಗ್ಗೆ 4:50)
ಯಾರಾದರೂ ಎದ್ದಿದ್ದೀರಾ? ಎದ್ದಿಲ್ಲ ಅಂದರೂ ಪರವಾಗಿಲ್ಲ, ಎದ್ದಾಗ ಓದಿ. ರಾತ್ರಿ ಒಂದೂವರೆಯಿಂದ ನಾನೂ ನಮ್ಮವರೂ ಬಕೆಟ್ ಹಿಡಿದು ನಿಂತಿದ್ದೇವೆ. ಅಡುಗೆಮನೆ ತುಂಬ ಮೋರಿ ನೀರು. ಮೊನ್ನೆ ತಾನೇ ಮಿಲ್‌ನಿಂದ ತಂದ ರಾಗಿ ಹಿಟ್ಟಿನ ಡಬ್ಬ ತೇಲಿಕೊಂಡು ಹಾಲ್‌ಗೆ ಬಂತು. ಅತ್ತೆಯನ್ನು ಮಂಚದ ಮೇಲೆ ಕೂರಿಸಿದ್ದೇನೆ, ಚಳಿಗೆ ಗಡಗಡ ನಡುಗುತ್ತಿದ್ದಾರೆ. ಸಂಜೆ ಫೋನಿನಲ್ಲಿ ನೋಡಿದಾಗ ಮೋಡ, ಸಣ್ಣ ಮಳೆ, 2 ಮಿ.ಮೀ. ಅಂತ ಇತ್ತು. ಇದು 2 ಮಿ.ಮೀ. ಮಳೆನಾ? ಆ ಮೂಲೆ ಮೋರಿ ವಿಷಯ ನಾನು ಎಷ್ಟನೇ ಸಲ ಹೇಳುತ್ತಿರುವುದು? ಅಲ್ಲಿ ಯಾರು ಏನು ಮಾಡಿದರು ಅಂತ ಎಲ್ಲರಿಗೂ ಗೊತ್ತು. ನನ್ನ ಬಾಯಲ್ಲಿ ಹೇಳಿಸಬೇಡಿ.

ಹಾಲಿನ ಅಂಗಡಿ (5:08)
ಅಕ್ಕ, ಇವತ್ತು ಹಾಲು ಅರ್ಧ ಗಂಟೆ ತಡ. ವ್ಯಾನ್ ಆ ಮೋರಿ ಹತ್ತಿರಾನೇ ನಿಂತಿದೆ.

25ನೇ ಮನೆ (5:40)
🌹 ಶುಭೋದಯ. ನಗುತ್ತಾ ಎದ್ದವರಿಗೆ ದಿನವೆಲ್ಲ ಹಬ್ಬ 🌹

14ನೇ ಮನೆ (5:41)
ನಾನು ಮಲಗೇ ಇಲ್ಲ ಸಾರ್, ಎಲ್ಲಿಂದ ಏಳಲಿ.

18ನೇ ಮನೆ (5:55)
ಇದಕ್ಕೆಲ್ಲ ಕಾರಣ ಹವಾಮಾನ ಹೇಳುವವರು. ನಾನು ಮೊದಲಿಂದ ಹೇಳುತ್ತಿದ್ದೇನೆ. ಮಳೆ ಬರುತ್ತೆ ಅಂದ ದಿನ ಬಿಸಿಲು, ಬರಲ್ಲ ಅಂದ ದಿನ ಹೀಗೆ. ನಮ್ಮಪ್ಪ ಪಂಚಾಂಗ ನೋಡಿ ಅನುರಾಧ ಮಳೆ ಹಿಡಿದರೆ ಬಿಡಲ್ಲ ಅಂತ ಹೇಳುತ್ತಿದ್ದರು, ಅದೇ ಆಯಿತು. ಫೋನ್ ನಂಬಿ ಕೂತರೆ ಹೀಗೇ.

18ನೇ ಮನೆ (5:57)
ಇನ್ನೊಂದು ವಿಷಯ. ಎಚ್.ಎನ್. ವ್ಯಾಲಿ ಯೋಜನೆ ಅಂತ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಬಿಟ್ಟು ಬಿಟ್ಟು ಕೆರೆಗಳನ್ನೆಲ್ಲ ತುಂಬಿಸಿದ್ದಾರೆ. ಕಂದವಾರ ಕೆರೆ ಮೊದಲೇ ತುಂಬಿದ್ದರೆ ಮಳೆ ನೀರು ಎಲ್ಲಿಗೆ ಹೋಗಬೇಕು? ಯೋಚನೆ ಮಾಡಿ.

18ನೇ ಮನೆ (5:58)
ಯಾರೂ ಯೋಚನೆ ಮಾಡಲ್ಲ. ಅದೇ ಸಮಸ್ಯೆ.

22 ಮೇಷ್ಟ್ರು (6:15)
ಸಾರ್, ಕೆರೆ ನಮ್ಮ ಬೀದಿಗಿಂತ ತಗ್ಗಿನಲ್ಲಿದೆ. ಕೆರೆ ನೀರು ದಿಬ್ಬ ಹತ್ತಿ 14ನೇ ಮನೆ ಅಡುಗೆಮನೆಗೆ ಬಂತಾ? 2021ರ ನವೆಂಬರ್‌ನಲ್ಲಿ ಜಿಲ್ಲೆಯ ಕೆರೆಗಳು ಕೋಡಿ ಬಿದ್ದಾಗಲೂ ನಮ್ಮ ಬೀದಿಗೆ ನೀರು ನುಗ್ಗಿರಲಿಲ್ಲ. ಆಗ ಆ ಮೂಲೆ ರ‍್ಯಾಂಪ್ ಇರಲಿಲ್ಲ. ಇಷ್ಟು ಸಾಕು.
ಫೋನಿನ ವಿಷಯಕ್ಕೆ ಬಂದರೆ, ಆ ಆಪ್‌ಗಳು ಕಿಲೋಮೀಟರ್‌ಗಟ್ಟಲೆ ಅಗಲದ ಚೌಕಕ್ಕೆ ಒಂದು ಅಂಕಿ ಕೊಡುತ್ತವೆ. ನಂದಿ ಬೆಟ್ಟದ ಪಕ್ಕ ಒಂದು ಮೋಡ ಸಿಕ್ಕಿಕೊಂಡು ಸುರಿದರೆ ಅದು ಆ ಲೆಕ್ಕಕ್ಕೆ ಸಿಗಲ್ಲ. ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ಕೂಡ ಇಡೀ ಜಿಲ್ಲೆಗೆ ಸೇರಿ ಬರುವುದು. ಹಳದಿ ಅಂದರೆ ಗಮನ ಇಡಿ, ಕಿತ್ತಳೆ ಅಂದರೆ ಸಿದ್ಧರಾಗಿ, ಕೆಂಪು ಅಂದರೆ ಏಳಿ. ಗೌರಿಬಿದನೂರಲ್ಲಿ ಬಿಸಿಲಿದ್ದು ಚಿಂತಾಮಣಿಯಲ್ಲಿ ಸುರಿದರೂ ಬಣ್ಣ ಒಂದೇ.

6ನೇ ಮನೆ (6:22)
ಮೇಷ್ಟ್ರೇ, ಬಣ್ಣ ಇರಲಿ. ಊರಲ್ಲಿ ರಾಗಿ ಕೊಯ್ದು ಒಣಗಲಿ ಅಂತ ಹೊಲದಲ್ಲೇ ಬಿಟ್ಟಿದ್ದೆ, ನಾಲ್ಕು ದಿನ ಮಳೆ ಇಲ್ಲ ಅಂತ ಅದೇ ಫೋನ್ ಹೇಳಿತ್ತು. ಈಗ ನೆನೆದು ಮುದ್ದೆಯಾಗಿದೆ. ಇನ್ನೆರಡು ದಿನ ಹೀಗೇ ಇದ್ದರೆ ತೆನೆಯಲ್ಲೇ ಮೊಳಕೆ. ಹುಲ್ಲೂ ಹೋಯಿತು, ದನಕ್ಕೆ ಏನು ಹಾಕಲಿ?

31ನೇ ಮನೆ, ಮಿನಿಯಾಪೊಲಿಸ್‌ನಿಂದ (6:35)
ಎಲ್ಲರಿಗೂ ನಮಸ್ಕಾರ. ಇಲ್ಲಿ ಅಮೆರಿಕದಲ್ಲಿ ಮಗಳ ಮನೆಯಲ್ಲಿ ಈಗ ಹಿಂದಿನ ದಿನದ ಸಂಜೆ 7 ದಾಟಿದೆ. ಇಲ್ಲೂ ಅದೇ ಕಥೆ. ಮೊನ್ನೆ 8 ಇಂಚು ಹಿಮ ಬೀಳುತ್ತೆ ಅಂದರು, ಅಳಿಯ ಆಫೀಸಿಗೆ ಹೋಗಲಿಲ್ಲ, ಮನೆಯಲ್ಲಿ ಎರಡು ವಾರದ ಸಾಮಾನು. ಬಿದ್ದಿದ್ದು ಎರಡೇ ಇಂಚು. ಕಾರಣ ಕೇಳಿದೆ. ಒಂದು ಇಂಚು ಮಳೆ ನೀರು ಹಿಮವಾದರೆ ಸುಮಾರು ಹತ್ತು ಇಂಚು ಆಗುತ್ತದಂತೆ, ಅದಕ್ಕೇ ನೀರಿನ ಲೆಕ್ಕದಲ್ಲಿ ಸ್ವಲ್ಪ ತಪ್ಪಿದರೂ ಹಿಮದ ಲೆಕ್ಕ ಪೂರ್ತಿ ತಪ್ಪುತ್ತೆ. ಒಂದೆರಡು ಡಿಗ್ರಿ ಬಿಸಿ ಜಾಸ್ತಿಯಾದರೆ ಹಿಮದ ಬದಲು ಬರೀ ಮಳೆ.
ಆದರೆ ಒಂದು ಮಾತು. ಇಲ್ಲಿ ಹಿಮ ನಿಂತ ಮೇಲೆ ಅವರವರ ಮನೆ ಮುಂದಿನ ಫುಟ್‌ಪಾತ್ ಅವರವರೇ 24 ಗಂಟೆಯೊಳಗೆ ಗುಡಿಸಬೇಕು. ಇಲ್ಲದಿದ್ದರೆ ನಗರದವರೇ ಗುಡಿಸಿ ಬಿಲ್ ಕಳಿಸುತ್ತಾರೆ. ಜಾಸ್ತಿ ಹಿಮ ಬಿದ್ದು ತುರ್ತು ಸ್ಥಿತಿ ಅಂತ ಸಾರಿದರೆ ಮೊದಲ ರಾತ್ರಿ ದೊಡ್ಡ ರಸ್ತೆಗಳು, ಮರುದಿನ ಸಣ್ಣ ರಸ್ತೆಗಳ ಸಮಸಂಖ್ಯೆ ಪಕ್ಕ, ಮೂರನೇ ದಿನ ಬೆಸಸಂಖ್ಯೆ ಪಕ್ಕ ಅಂತ ಕಾರು ತೆಗೆಯಬೇಕು. ತೆಗೆಯದಿದ್ದರೆ ಎತ್ತಿಕೊಂಡೇ ಹೋಗುತ್ತಾರೆ. ಅಳಿಯಂದು ಒಂದು ಸಲ ಹೋಗಿದೆ.

2ನೇ ಮನೆ (6:37)
ಅಂಕಲ್, ನಮ್ಮಲ್ಲಿ ಹಾಗೆ ಮಾಡಿದರೆ 9ನೇ ಮನೆ ಕಾರು ತಿಂಗಳಿಗೆ ಮೂವತ್ತು ಸಲ ಹೋಗುತ್ತೆ 😂

9ನೇ ಮನೆ (6:44)
ಯಾರು ಅದು ನಮ್ಮ ಕಾರಿನ ವಿಷಯ? ರ‍್ಯಾಂಪ್ ವಿಷಯ ಸುತ್ತಿ ಸುತ್ತಿ ಬೇಡ, ನೇರ ಹೇಳಿ. ಕಾರು ಒಳಗೆ ಹೋಗಬೇಕಲ್ವಾ? ಗೇಟಿನ ಮುಂದೆ ಮೋರಿ ಮೇಲೆ ಚಪ್ಪಡಿ ಹಾಕಿ ಸಿಮೆಂಟ್ ಮಾಡಿಸಿದ್ದೇನೆ, ಅಡಿಯಲ್ಲಿ ನೀರು ಹೋಗಲು ಪೈಪ್ ಇದೆ. ಆ ಪೈಪಿನಲ್ಲಿ ಕಟ್ಟಿಕೊಂಡಿರುವುದು ನನ್ನ ಸಾಮಾನಾ? ನಿಮ್ಮೆಲ್ಲರ ಹಾಲಿನ ಕವರ್, ಹೂವಿನ ಹಾರ, ಮಕ್ಕಳ ಡೈಪರ್. ಮೊದಲು ಅದಕ್ಕೆ ಉತ್ತರ ಕೊಡಿ.

14ನೇ ಮನೆ (6:46)
ಪೈಪ್ ಆರು ಇಂಚಿಂದು ಅಣ್ಣ. ಮೋರಿ ಎರಡು ಅಡಿ ಅಗಲ.

9ನೇ ಮನೆ (6:47)
ಆರಲ್ಲ, ಎಂಟು.

18ನೇ ಮನೆ (6:48)
ಎಂಟಾದರೇನು, ಹದಿನೆಂಟಾದರೇನು, ಮಳೆ ಬರುತ್ತೆ ಅಂತ ಮೊದಲೇ ಸರಿಯಾಗಿ ಹೇಳಿದ್ದರೆ 9ರವರು ಪೈಪ್ ತೆಗೆಸಿ ಇಟ್ಟಿರುತ್ತಿದ್ದರು. ತಪ್ಪು ಮೂಲದಲ್ಲೇ ಇದೆ. 2024ರಲ್ಲಿ ಫೆಂಗಲ್ ಚಂಡಮಾರುತ ಬಂದಾಗಲೂ ಹೀಗೇ ಗೊಂದಲ ಮಾಡಿದರು.

22 ಮೇಷ್ಟ್ರು (7:02)
ಫೆಂಗಲ್ ನವೆಂಬರ್ 30ಕ್ಕೆ ಪುದುಚೇರಿ ಹತ್ತಿರ ದಡ ಸೇರಿ, ಅಲ್ಲೇ ಗಂಟೆಗಟ್ಟಲೆ ಕದಲದೆ ಕೂತಿತು. ಚಂಡಮಾರುತ ಕಾಲು ಚಾಚಿ ಕೂತರೆ ಹೇಳಿದ ಹೊತ್ತಿಗೆ ಮಳೆ ಹೇಗೆ ಬರುತ್ತೆ? ದಿಕ್ಕು ಹೇಳಬಹುದು, ನಮ್ಮ ಬೀದಿಗೆ ಎಷ್ಟು ಗಂಟೆಗೆ ಎಷ್ಟು ಅಂತ ಹೇಳೋಕಾಗಲ್ಲ.
ಈಗ ಒಂದು ಲೆಕ್ಕ ಹೇಳುತ್ತೇನೆ, ಬೇಜಾರಾಗಬೇಡಿ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಅಂದರೆ ಒಂದು ಲೀಟರ್. 30×40 ಸೈಟಿನ ಮೇಲೆ 60 ಮಿ.ಮೀ. ಬಿದ್ದರೆ ಸುಮಾರು 6,700 ಲೀಟರ್. ಒಂದು ಟ್ಯಾಂಕರ್ ನೀರು. ನಮ್ಮ ಬೀದಿಯಲ್ಲಿ ನಲವತ್ತು ಮನೆ, ಎಲ್ಲರ ತಾರಸಿ ಪೈಪೂ ಆ ಮೋರಿಗೇ. ನಲವತ್ತು ಟ್ಯಾಂಕರ್ ನೀರು ಎಂಟು ಇಂಚಿನ ಪೈಪಿನಲ್ಲಿ ಹೋಗಬೇಕು. ಇದಕ್ಕೆ ಉಪಗ್ರಹ ಬೇಕಾಗಿಲ್ಲ.

25ನೇ ಮನೆ (7:05)
ಹಲವು ಬಾರಿ ಫಾರ್ವರ್ಡ್ ಆಗಿದೆ: ⚠️ ನಂದಿ ಬೆಟ್ಟದಲ್ಲಿ ಇವತ್ತು ಬೆಳಿಗ್ಗೆ ಹಿಮಪಾತ!! ಎಲ್ಲರಿಗೂ ಕಳಿಸಿ.

2ನೇ ಮನೆ (7:06)
ಅಂಕಲ್, ಆ ಫೋಟೋದಲ್ಲಿ ದೇವದಾರು ಮರ ಇದೆ.

31ನೇ ಮನೆ, ಮಿನಿಯಾಪೊಲಿಸ್‌ನಿಂದ (7:08)
ನಂದಿ 1,478 ಮೀಟರ್, ಚಳಿ ಇರುತ್ತೆ, ಮಂಜು ಇರುತ್ತೆ, ಹಿಮ ಎಲ್ಲಿ ಬಂತು? ಹಿಮ ನೋಡಬೇಕಾದರೆ ಇಲ್ಲಿಗೆ ಬನ್ನಿ, ಒಂದು ಸಲಿಕೆ ಕೊಡುತ್ತೇನೆ. ಸುಮಾರು ಮೈನಸ್ 9 ಡಿಗ್ರಿಗಿಂತ ಕೆಳಗೆ ಹೋದರೆ ಉಪ್ಪು ಎರಚಿದರೂ ಅಷ್ಟಾಗಿ ಕರಗಲ್ಲ, ಮರಳು ಹಾಕುತ್ತಾರೆ.

6ನೇ ಮನೆ (7:10)
ನಂದಿಯಲ್ಲಿ ಹಿಮ ಅಂದರೆ ನಾಳೆ ಶನಿವಾರ ಬೆಂಗಳೂರಿನ ಗಾಡಿಗಳೆಲ್ಲ ಇಲ್ಲೇ. ದಯವಿಟ್ಟು ಅಳಿಸಿ ಸಾರ್.

ಅಡ್ಮಿನ್ (7:20)
ಎಲ್ಲರೂ ಸ್ವಲ್ಪ ಸಮಾಧಾನ. ಒಂದು ತೀರ್ಮಾನಕ್ಕೆ ಬರೋಣ. ಭಾನುವಾರ ಬೆಳಿಗ್ಗೆ 7ಕ್ಕೆ ಎಲ್ಲರೂ ಮೂಲೆಯಲ್ಲಿ ಸೇರೋದು. 9ನೇ ಮನೆ ಚಪ್ಪಡಿ ಎತ್ತಿಸಿ ಹೂಳು ತೆಗೆಸೋದು, ಪೈಪ್ ಬದಲು ಕಬ್ಬಿಣದ ಜಾಲರಿ ಹಾಕಿಸೋದು. ಖರ್ಚು ಮನೆಗೆ ಇಷ್ಟು ಅಂತ ಹಂಚಿಕೊಳ್ಳೋಣ. ಸರಿ ಅನ್ನುವವರು 👍 ಹಾಕಿ.

18ನೇ ಮನೆ (7:22)
ನಾನು ಯಾಕೆ ಕೊಡಬೇಕು? ನಮ್ಮ ಮನೆಗೆ ನೀರು ಬಂದಿಲ್ಲ.

9ನೇ ಮನೆ (7:23)
ಚಪ್ಪಡಿ ಎತ್ತಲು ನನ್ನ ಅಭ್ಯಂತರ ಇಲ್ಲ. ಆದರೆ ಮೇಲಿನ 11 ಮತ್ತು 12ರವರದ್ದೂ ಎತ್ತಬೇಕು. ನನ್ನದೊಂದೇ ಕಣ್ಣಿಗೆ ಬೀಳುತ್ತಾ?

12ನೇ ಮನೆ (7:24)
ನಮ್ಮದು ರ‍್ಯಾಂಪ್ ಅಲ್ಲ, ಮೆಟ್ಟಿಲು.

25ನೇ ಮನೆ (7:26)
ಭಾನುವಾರ ನಮ್ಮ ತಂಗಿ ಮನೆ ಗೃಹಪ್ರವೇಶ. ಮುಂದಿನ ವಾರ ಆಗುತ್ತಾ?

22 ಮೇಷ್ಟ್ರು (7:30)
ಅಷ್ಟರೊಳಗೆ ಇನ್ನೊಂದು ಮಳೆ ಬಂದರೆ? ಕೊನೆ ಪಕ್ಷ ರಾತ್ರಿ ಯಾರಾದರೂ ಒಬ್ಬರು ನೋಡುವಂತಿರಲಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣ ಮಿತ್ರ ಸಹಾಯವಾಣಿ ಇದೆ, ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಮಳೆಮಾಪಕ ಇಟ್ಟಿದ್ದಾರೆ. ಮೇಲಿನ ಹಳ್ಳಿಯಲ್ಲಿ ಜೋರು ಮಳೆ ಅಂತ ಗೊತ್ತಾದರೆ ಇಲ್ಲಿ ಒಬ್ಬರು ಕೋಲು ಹಿಡಿದು ಹೋಗಿ ಪೈಪ್ ಬಾಯಿ ಬಿಡಿಸಬಹುದು. ವಾರಕ್ಕೊಂದು ಮನೆ ಅಂತ ಸರದಿ ಇಟ್ಟುಕೊಳ್ಳೋಣ.

18ನೇ ಮನೆ (7:31)
ರಾತ್ರಿ ಎರಡಕ್ಕೆ ಮೋರಿಗೆ ಕೋಲು ಹಾಕಲು ನಾನು ಸರ್ವಿಸ್‌ನಿಂದ ರಿಟೈರ್ ಆಗಿದ್ದಾ? ಒಳ್ಳೆ ಕಥೆ.

14ನೇ ಮನೆ (7:48)
ಕೋಲು ಬೇಡ, ಇನ್ನೊಂದು ಸಮಸ್ಯೆ ಆಗಿದೆ. ಈಗ ಸಂಪಿನ ಮುಚ್ಚಳ ತೆಗೆದು ನೋಡಿದೆ. ಮೋರಿ ನೀರು ಅದರೊಳಗೂ ಹೋಗಿದೆ. ವಾಸನೆ. ಈ ವಾರ ಹಿಡಿದಿಟ್ಟ ನೀರೆಲ್ಲ ಹೋಯಿತು. ನಲ್ಲಿ ನೀರು ಮತ್ತೆ ಯಾವಾಗ ಬಿಡುತ್ತಾರೆ, ಯಾರಿಗಾದರೂ ಗೊತ್ತಾ?

10ನೇ ಮನೆ (7:50)
ಅಯ್ಯೋ, ನಮ್ಮದೂ ನೋಡಬೇಕು. ತಡೀರಿ.

10ನೇ ಮನೆ (7:53)
ನಮ್ಮದೂ ಅಷ್ಟೇ. ಬೆಳಿಗ್ಗೆ ಅದೇ ನೀರಲ್ಲಿ ಮಕ್ಕಳಿಗೆ ಹಲ್ಲುಜ್ಜಿಸಿದ್ದೇನೆ, ದೇವರೇ.

31ನೇ ಮನೆ, ಮಿನಿಯಾಪೊಲಿಸ್‌ನಿಂದ (7:55)
ಕುಡಿಯಲು ಕ್ಯಾನ್ ತರಿಸಿ. ಸಂಪು ಪೂರ್ತಿ ಖಾಲಿ ಮಾಡಿಸಿ, ಉಜ್ಜಿಸಿ, ಬ್ಲೀಚಿಂಗ್ ಪೌಡರ್ ಹಾಕಿಸದೆ ಮುಟ್ಟಬೇಡಿ.

ಹಾಲಿನ ಅಂಗಡಿ (7:58)
ಕ್ಯಾನ್ ನನ್ನ ಹತ್ತಿರ ಇದೆ. ಹನ್ನೊಂದು ಮಾತ್ರ.

9ನೇ ಮನೆ (8:02)
ನಮ್ಮ ಬಾಮೈದನಿಗೆ ಪರಿಚಯದ ಟ್ಯಾಂಕರ್ ಇದೆ. ಒಟ್ಟಿಗೆ ನಾಲ್ಕು ಲೋಡ್ ಹೇಳಿದರೆ ಸ್ವಲ್ಪ ಕಡಿಮೆ ಮಾಡುತ್ತಾನೆ. ರ‍್ಯಾಂಪ್ ಮೇಲೇ ನಿಲ್ಲಿಸಿ ಪೈಪ್ ಎಳೆದರೆ ಎಲ್ಲರಿಗೂ ಸಿಗುತ್ತೆ.

ಅಡ್ಮಿನ್ (8:04)
ಒಳ್ಳೇದಾಯಿತು ಅಣ್ಣ. ಟ್ಯಾಂಕರ್ ಬೇಕಾದವರು ಮನೆ ನಂಬರ್ ಹಾಕಿ. ಬೇರೆ ವಿಷಯ ಬೇಡ.

10ನೇ ಮನೆ (8:04)
10

12ನೇ ಮನೆ (8:05)
12. ಅರ್ಧ ಲೋಡ್ ಸಾಕು.

18ನೇ ಮನೆ (8:05)
18. ನನಗೆ ಮೊದಲು ಕೊಡಿ, ಹತ್ತಕ್ಕೆ ಬ್ಯಾಂಕಿಗೆ ಹೋಗಬೇಕು.

2ನೇ ಮನೆ (8:06)
ಸಾರ್, ನಿಮ್ಮ ಮನೆಗೆ ನೀರೇ ಬಂದಿಲ್ಲ ಅಂದಿರಿ?

18ನೇ ಮನೆ (8:07)
ಮನೆಗೆ ಬಂದಿಲ್ಲ. ಸಂಪಿಗೆ ಬಂದಿದೆ.

14ನೇ ಮನೆ (8:15)
14.