ಅಪ್ಪನ ಸಿಒಪಿಡಿಗೆ ನೀರಲ್ಲಿ ಕರಗಿಸುವ ಮಾತ್ರೆ: ಕೊಟ್ಟು ನೋಡಿದವರು ಹೇಳಿ

ಪ್ರಶ್ನೆ

ಅಪ್ಪನಿಗೆ 66 ವರ್ಷ. ಸಿಒಪಿಡಿ ಇದೆ, ಅಂದರೆ ಶ್ವಾಸಕೋಶ ಹಾಳಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ. ನಲವತ್ತು ವರ್ಷ ಬೀಡಿ ಸೇದಿದ್ದಾರೆ, ಈಗಲೂ ದಿನಕ್ಕೆ ನಾಲ್ಕೈದು ಬಿಟ್ಟಿಲ್ಲ. ಕಳೆದ ವರ್ಷ ದಮ್ಮು ಜಾಸ್ತಿಯಾಗಿ ಎರಡು ಸಲ ಆಸ್ಪತ್ರೆ ಸೇರಿದರು. ಡಾಕ್ಟರು ಇನ್‌ಹೇಲರ್ ಜೊತೆ ಅಸಿಟೈಲ್‌ಸಿಸ್ಟೀನ್ 600 ಮಿ.ಗ್ರಾಂ ಮಾತ್ರೆ ಬರೆದಿದ್ದಾರೆ, ದಿನಕ್ಕೆ ಎರಡು. ಮೆಡಿಕಲ್ ಶಾಪ್‌ನಲ್ಲಿ "ಇದು ಆಂಟಿಆಕ್ಸಿಡೆಂಟ್, ಶ್ವಾಸಕೋಶ ಕ್ಲೀನ್ ಮಾಡುತ್ತೆ" ಅಂದರು. ಅದನ್ನು ಕೇಳಿ ಅಪ್ಪನಿಗೆ ಬೀಡಿ ಸೇದಲು ಇನ್ನಷ್ಟು ಧೈರ್ಯ ಬಂದಿದೆ. ಚಿಕ್ಕಪ್ಪ ಬೇರೆ ವಿಟಮಿನ್ ಡಬ್ಬಿ ತಂದುಕೊಟ್ಟಿದ್ದಾರೆ. ನಿಜಕ್ಕೂ ಉಪಯೋಗ ಇದೆಯಾ?

ಶಿವಮೊಗ್ಗದಿಂದ

ನಮ್ಮ ತಂದೆಗೆ ಇದೇ ಮಾತ್ರೆ ಮೂರು ವರ್ಷ ಕೊಟ್ಟೆವು. ಮೆಟ್ಟಿಲು ಹತ್ತುವಾಗಿನ ಮೇಲುಸಿರು ಇದರಿಂದ ಕಮ್ಮಿ ಆಗಲಿಲ್ಲ. ಕಮ್ಮಿ ಆಗಿದ್ದು ಬೆಳಗಿನ ಕಫದ ಕಾಟ. ಮೊದಲೆಲ್ಲ ಅಂಟಂಟಾಗಿ ಗಂಟಲಲ್ಲೇ ನಿಲ್ಲುತ್ತಿತ್ತು, ಅರ್ಧ ಗಂಟೆ ಕೆಮ್ಮುತ್ತಿದ್ದರು. ಮಳೆಗಾಲದಲ್ಲಿ ನೆಬ್ಯುಲೈಸರ್‌ಗೆ ಓಡುವುದೂ ಕಡಿಮೆಯಾಯಿತು. ಆದರೆ ಅದೇ ವರ್ಷ ಅವರು ಸಿಗರೇಟು ಬಿಟ್ಟಿದ್ದರು. ಹಾಗಾಗಿ ಎಲ್ಲವೂ ಮಾತ್ರೆಯಿಂದಲೇ ಆಯಿತು ಅನ್ನಲಾರೆ.

ಮಾತ್ರೆ ಬಿಚ್ಚಿದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಕೆಟ್ಟಿದೆ ಅಂತ ಎಸೆಯಬೇಡಿ, ಅದರಲ್ಲಿರುವ ಗಂಧಕದ ವಾಸನೆ ಅದು. ಒಂದು ಲೋಟ ನೀರಲ್ಲಿ ಪೂರ್ತಿ ಕರಗಿದ ಕೂಡಲೇ ಕುಡಿಸಿ. ನೊರೆ ಬರುವ ಮಾತ್ರೆಯಲ್ಲಿ ಸೋಡಿಯಂ ಇರುತ್ತದೆ. ಅಪ್ಪನಿಗೆ ಬಿಪಿ ಇದ್ದರೆ, ಉಪ್ಪು ಕಮ್ಮಿ ಮಾಡಿ ಅಂದಿದ್ದರೆ ಡಾಕ್ಟರಿಗೆ ನೆನಪಿಸಿ. ಎದೆನೋವಿಗೆ ನಾಲಿಗೆ ಕೆಳಗೆ ಇಡುವ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಲೇಬೇಕು. ನೈಟ್ರೊಗ್ಲಿಸರಿನ್ ಅನ್ನುವ ಆ ಬಗೆಯ ಮಾತ್ರೆ ಜೊತೆ ಇದು ಸೇರಿದರೆ ಬಿಪಿ ಇಳಿದು ವಿಪರೀತ ತಲೆನೋವು ಬರಬಹುದು.

ಮೈಸೂರಿನಿಂದ, ಫಾರ್ಮಸಿ ಪಾಠ ಮಾಡುವವಳು

"ಕ್ಲೀನ್ ಮಾಡುತ್ತೆ" ಅನ್ನುವ ಮಾತು ತಪ್ಪು. ಅದನ್ನು ಅಪ್ಪನಿಗೆ ಇವತ್ತೇ ಹೇಳಿ. ಹೊಗೆಯಲ್ಲಿರುವ, ಜೀವಕೋಶಗಳಿಗೆ ಹಾನಿ ಮಾಡುವ ಫ್ರೀ ರ‍್ಯಾಡಿಕಲ್‌ಗಳು ಶ್ವಾಸಕೋಶದ ಒಳಪದರವನ್ನು ಸುಡುತ್ತವೆ. ಅದನ್ನು ತಡೆಯಲು ನಮ್ಮ ದೇಹದಲ್ಲೇ ಗ್ಲುಟಾಥಯಾನ್ ಅನ್ನುವ ವಸ್ತು ಇದೆ. ಹೀಗೆ ತಡೆಯುವುದನ್ನೇ ಆಂಟಿಆಕ್ಸಿಡೆಂಟ್ ಅನ್ನುವುದು. ಈ ಮಾತ್ರೆ ಗ್ಲುಟಾಥಯಾನ್ ತಯಾರಿಸಲು ಬೇಕಾದ ಸಿಸ್ಟೀನ್ ಒದಗಿಸುತ್ತದೆ, ಕಫವನ್ನೂ ತೆಳು ಮಾಡುತ್ತದೆ. ಅಷ್ಟೇ. ಹಾಳಾದ ಗಾಳಿಚೀಲಗಳು ಮತ್ತೆ ಬರುವುದಿಲ್ಲ. ಸೇದುತ್ತಲೇ ಇದನ್ನು ನುಂಗಿದರೆ ತೂತು ಕೊಡಕ್ಕೆ ನೀರು ಹೊಯ್ದ ಹಾಗೆ.

ಹಾಗಂತ ಸುಮ್ನೆ ಬರೆದ ಔಷಧಿಯೂ ಅಲ್ಲ. 2005ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನದಲ್ಲಿ 523 ರೋಗಿಗಳ ಪೈಕಿ ಸುಮಾರು ಅರ್ಧದಷ್ಟು ಜನರಿಗೆ ದಿನಕ್ಕೆ 600 ಮಿ.ಗ್ರಾಂನಂತೆ ಮೂರು ವರ್ಷ ಕೊಟ್ಟು ನೋಡಿದರು. ಶ್ವಾಸಕೋಶದ ಶಕ್ತಿ ಕುಗ್ಗುವುದು ನಿಲ್ಲಲಿಲ್ಲ. 2014ರಲ್ಲಿ ಪ್ರಕಟವಾದ ಚೀನಾದ ಅಧ್ಯಯನದಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಪೈಕಿ ಅರ್ಧದಷ್ಟು ಜನರಿಗೆ ಅದರ ಎರಡರಷ್ಟು, ಅಂದರೆ ನಿಮ್ಮ ತಂದೆಗೆ ಬರೆದಷ್ಟೇ ಡೋಸ್ ಕೊಟ್ಟರು. ಅವರಲ್ಲಿ ಕಾಯಿಲೆ ಒಮ್ಮೆಲೇ ಜೋರಾಗುವುದು, ಔಷಧಿ ಇಲ್ಲದ ಮಾತ್ರೆ ಪಡೆದವರಿಗಿಂತ ಸುಮಾರು 22% ಕಡಿಮೆಯಾಯಿತು. ಅವರದು ಮಧ್ಯಮದಿಂದ ತೀವ್ರ ಹಂತದ ಕಾಯಿಲೆ. 2024ರಲ್ಲಿ ಅಲ್ಲಿಯದೇ ಇನ್ನೊಂದು ಅಧ್ಯಯನ ಬಂತು. ಕಾಯಿಲೆ ಇನ್ನೂ ಹಗುರವಾಗಿದ್ದವರಿಗೆ ಅದೇ ಡೋಸ್ ಎರಡು ವರ್ಷ ಕೊಟ್ಟರೂ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ವರ್ಷಕ್ಕೆ ಎರಡು ಸಲ ಆಸ್ಪತ್ರೆ ಸೇರಿದವರಿಗೆ ಬರೆದಿದ್ದಾರೆ ಅಂದರೆ ಅದಕ್ಕೆ ಕಾರಣ ಇದೆ, ಅಲ್ವಾ? ನಿಲ್ಲಿಸಬೇಡಿ. ಇನ್‌ಹೇಲರ್ ಅಂತೂ ಒಂದು ದಿನವೂ ತಪ್ಪಬಾರದು.

ಚಿಕ್ಕಪ್ಪ ತಂದ ಡಬ್ಬಿಯ ಮೇಲೆ ಬೀಟಾ ಕ್ಯಾರೋಟಿನ್ (ಕ್ಯಾರೆಟ್‌ಗೆ ಬಣ್ಣ ಕೊಡುವ ವಸ್ತು) ಅಂತ ಇದೆಯಾ ನೋಡಿ. ಇದ್ದರೆ ದಯವಿಟ್ಟು ಕೊಡಬೇಡಿ. ಅದೂ ಆಂಟಿಆಕ್ಸಿಡೆಂಟೇ. ಆದರೆ ಫಿನ್ಲೆಂಡಿನಲ್ಲಿ 29 ಸಾವಿರ ಧೂಮಪಾನಿಗಳ ಮೇಲೆ ನಡೆದ ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಬೀಟಾ ಕ್ಯಾರೋಟಿನ್ ಮಾತ್ರೆ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18% ಜಾಸ್ತಿ ಕಂಡಿತು. ಕ್ಯಾರೆಟ್ ತಿನ್ನಲಿ, ತೊಂದರೆ ಇಲ್ಲ. ಮಾತ್ರೆ ಬೇಡ.

ಕುಂದಾಪುರದಿಂದ

ನಾನೇ 35 ವರ್ಷ ಸೇದಿದವನು. ಬೈದು ಬಿಡಿಸಲು ಆಗುವುದಿಲ್ಲ ತಂಗಿ, ನಮ್ಮ ಮನೆಯಲ್ಲಿ ಬೈದಷ್ಟೂ ನಾನು ಅಡಗಿ ಸೇದಿದೆ. ನನಗೆ ಕೈಹಿಡಿದದ್ದು ನಿಕೋಟಿನ್ ಗಮ್. ಅದನ್ನು ಚೂಯಿಂಗ್ ಗಮ್ ತರಹ ಜಗಿಯುತ್ತಲೇ ಇರಬಾರದು. ಸ್ವಲ್ಪ ಜಗಿದು, ಖಾರ ಅನ್ನಿಸಿದಾಗ ಕೆನ್ನೆಯ ಪಕ್ಕ ಇಟ್ಟುಕೊಳ್ಳಬೇಕು. ಊಟ ಆದ ತಕ್ಷಣದ ಹೊತ್ತೇ ಬಹಳ ಕಷ್ಟ, ಆಗ ಅವರ ಜೊತೆ ಯಾರಾದರೂ ಇರಿ. ತಂಬಾಕು ಬಿಡಿಸಲು ಸರ್ಕಾರದ ಉಚಿತ ಸಹಾಯವಾಣಿ ಇದೆ: 1800-112-356. ಅಪ್ಪನ ಕೈಯಲ್ಲೇ ಫೋನ್ ಮಾಡಿಸಿ.

ಕೇಳಿದವಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡಬ್ಬಿ ತಿರುಗಿಸಿ ನೋಡಿದೆ, ಬೀಟಾ ಕ್ಯಾರೋಟಿನ್ ಇದೆ. ಎತ್ತಿಟ್ಟಿದ್ದೇನೆ. ಅಪ್ಪ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಸೋಡಿಯಂ ವಿಷಯ ಕೇಳಲು ಸೋಮವಾರ ಡಾಕ್ಟರ ಹತ್ತಿರ ಹೋಗುತ್ತೇವೆ, ಗಮ್ ಬಗ್ಗೆಯೂ ಕೇಳುತ್ತೇನೆ. ಕುಂದಾಪುರದ ಅಣ್ಣ ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. "35 ವರ್ಷ ಸೇದಿದವರಾ?" ಅಂತ ಎರಡು ಸಲ ಕೇಳಿದರು.