ಅಪ್‌ಡೇಟ್: ಅಪ್ಪ-ಅಮ್ಮನ ಜೊತೆ ಕಿನ್‌ಸೇಲ್ ನಡಿಗೆ

ಅಮ್ಮನ ಮಂಡಿನೋವು ಇಟ್ಕೊಂಡು ಐರ್ಲೆಂಡಿನ ಕಿನ್‌ಸೇಲ್ ಊರನ್ನು ನಡೆದು ನೋಡೋಕಾಗುತ್ತಾ ಅಂತ ಇಲ್ಲಿ ಕೇಳಿದ್ದೆ. ಹೋಗಿ ಬಂದ್ವಿ, ಆರಾಮಾಗಿ ಆಯ್ತು.

ಊರೊಳಗೆ ಗೈಡ್ ಜೊತೆ ನಡೀರಿ, ಚಾರ್ಲ್ಸ್ ಕೋಟೆಗೆ ಟ್ಯಾಕ್ಸಿ ಮಾಡಿ ಅಂದವರ ಸಲಹೆಯೇ ಕೈ ಹಿಡೀತು. ಕಾರ್ಕ್ ನಗರದಿಂದ 226 ನಂಬರ್ ಬಸ್ಸೂ ಸಲೀಸು. ಬಂದರಿನ ಪಕ್ಕದ ಸಿಲ್ಲಿ ಅನ್ನೋ ಜಾಗದಿಂದ ಕೋಟೆವರೆಗೂ ನಡೆಯೋ ಐಡಿಯಾ ಮಾತ್ರ ಆಗಲಿಲ್ಲ. ಏರು ಶುರುವಾಗ್ತಿದ್ದಂಗೆ ಅಮ್ಮ ನಿಂತೇಬಿಟ್ರು. ಮಂಡಿ ಗಟ್ಟಿ ಇರೋರು ಖಂಡಿತ ಹೋಗಿ.

ಅಪ್ಪನಿಗೆ ಮಜಾ ಕೊಟ್ಟಿದ್ದು ಕಿನ್‌ಸೇಲ್ ಕದನದ ತಾರೀಖು. ಇಂಗ್ಲಿಷರ ಹಳೇ ಕ್ಯಾಲೆಂಡರಲ್ಲಿ ಅದು 1601ರ ಡಿಸೆಂಬರ್ 24, ಸ್ಪ್ಯಾನಿಷರ ಹೊಸ ಕ್ಯಾಲೆಂಡರಲ್ಲಿ 1602ರ ಜನವರಿ 3. ಒಂದೇ ಬೆಳಗ್ಗೆ, ಎರಡು ವರ್ಷ! ಊರೊಳಗೆ ಐರಿಷರ ನೆರವಿಗೆ ಬಂದ ಸ್ಪ್ಯಾನಿಷರು, ಅವರನ್ನ ಮುತ್ತಿದ ಇಂಗ್ಲಿಷರು, ಇಂಗ್ಲಿಷರ ಬೆನ್ನಿಗೆ ಐರಿಷ್ ಸೇನೆ. ಇಷ್ಟಿದ್ದೂ ಗೆದ್ದಿದ್ದು ಇಂಗ್ಲಿಷರೇ.

ಚಾರ್ಲ್ಸ್ ಕೋಟೆ ಕಥೆ ಇನ್ನೂ ವಿಚಿತ್ರ. ನಕ್ಷತ್ರದಾಕಾರದ ಕೋಟೆ, ಬಂದರಿಗೆ ಬರೋ ಹಡಗು ತಡೆಯೋಕೆ ಕಟ್ಟಿದ್ದು. ಹಿಂದೆಯೇ ಅದಕ್ಕಿಂತ ಎತ್ತರದ ಗುಡ್ಡ. 1690ರಲ್ಲಿ ಶತ್ರುಗಳು ನೆಲದ ಕಡೆಯಿಂದಲೇ ಮುತ್ತಿಗೆ ಹಾಕಿ ಹಿಡ್ಕೊಂಡರು. ಅಲ್ಲಿ ನಿಂತು ನೋಡಿದ್ರೆ ಯಾರಿಗಾದ್ರೂ ಗೊತ್ತಾಗುತ್ತೆ!

ಡೆಸ್ಮಂಡ್ ಕ್ಯಾಸಲ್ ಹೊರಗಿಂದ ನೋಡಿದ್ವಿ. ಸೇಂಟ್ ಮಲ್ಟೋಸ್ ಚರ್ಚಿನ ಸ್ಮಶಾನ ಬಿಡಬೇಡಿ: 1915ರಲ್ಲಿ ಮುಳುಗಿದ ಲೂಸಿಟೇನಿಯಾ ಹಡಗಿನವರ ಸಮಾಧಿಗಳು ಅಲ್ಲಿವೆ. ಕೋಟೆ ಮೇಲೆ ಗಾಳಿ ಜೋರು, ಛತ್ರಿಗಿಂತ ರೈನ್‌ಕೋಟ್ ವಾಸಿ.