‘ಫಾಲೋ ಥ್ರೂ’ ಅಂಕಕ್ಕೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಒಂದು ಪದ ಬೇಕಾಗಿದೆ. ಪಿಯುಸಿ ಗಣಿತದ ಉತ್ತರಪತ್ರಿಕೆಗೆ ಅಂಕ ಹಾಕುವುದು ಹೇಗೆ ಅಂತ ಮಕ್ಕಳಿಗೆ ಕನ್ನಡದಲ್ಲಿ ತಿಳಿಸುವ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಫಲಿತಾಂಶ ಬಂದ ಮೇಲೆ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿಕೊಳ್ಳಬಹುದು, ಮರುಎಣಿಕೆಗೆ, ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಬಹುದು. ಅದು ಎಲ್ಲರಿಗೂ ಗೊತ್ತು. ಪ್ರತಿ ಕೈಗೆ ಬಂದಾಗ ಉತ್ತರದ ಪಕ್ಕದಲ್ಲಿ 3 ಅಂತ ಇರುತ್ತದೆ. 5ಕ್ಕೆ 3 ಯಾಕೆ, 4 ಯಾಕಲ್ಲ ಅನ್ನುವುದು ಮಾತ್ರ ತಿಳಿಯುವುದಿಲ್ಲ. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರುತ್ತದೆ. ಆದರೆ ಅಂಕ ಹಾಕುವವರ ಮಾತೆಲ್ಲ ಇಂಗ್ಲಿಷಿನದು: ಸ್ಕೀಮ್ (ಯಾವ ಸಾಲಿಗೆ ಎಷ್ಟು ಅಂಕ ಅನ್ನುವ ಪಟ್ಟಿ), ಸ್ಟೆಪ್ ಮಾರ್ಕ್ಸ್, ಆಲ್ಟರ್ನೇಟ್ ಮೆಥಡ್, ಕಟ್, ಗ್ರೇಸ್.

ಇವುಗಳಲ್ಲಿ ಹೆಚ್ಚಿನವು ತೊಂದರೆ ಕೊಡಲಿಲ್ಲ. ಸ್ಟೆಪ್ ಮಾರ್ಕ್ಸ್‌ಗೆ ‘ಹಂತದ ಅಂಕ’ ಅಂದರೆ ಯಾರಿಗಾದರೂ ತಿಳಿಯುತ್ತದೆ. ಆಲ್ಟರ್ನೇಟ್ ಮೆಥಡ್‌ಗೆ ‘ಬೇರೆ ವಿಧಾನ’ ಸಾಕು, ‘ಪರ್ಯಾಯ’ ಅಂತ ಬರೆಯಲೇಬೇಕು ಅಂತೇನಿಲ್ಲ. ನಾನು ಸಿಕ್ಕಿಹಾಕಿಕೊಂಡಿರುವುದು ‘ಫಾಲೋ ಥ್ರೂ’ ಅನ್ನುವುದರಲ್ಲಿ.

ಅದೇನು ಅಂತ ಒಂದು ಲೆಕ್ಕ ಇಟ್ಟುಕೊಂಡೇ ಹೇಳುತ್ತೇನೆ. ‘2 ಸೈನ್ ಸ್ಕ್ವೇರ್ ಎಕ್ಸ್ = 3 ಕಾಸ್ ಎಕ್ಸ್. 0 ಡಿಗ್ರಿಯಿಂದ 360 ಡಿಗ್ರಿಯೊಳಗೆ ಎಕ್ಸ್‌ನ ಬೆಲೆಗಳನ್ನು ಕಂಡುಹಿಡಿಯಿರಿ.’ ಮೊದಲು ಸೈನ್ ಸ್ಕ್ವೇರ್ ಜಾಗದಲ್ಲಿ 1 ಮೈನಸ್ ಕಾಸ್ ಸ್ಕ್ವೇರ್ ಹಾಕಬೇಕು. ಎಲ್ಲವನ್ನೂ ಒಂದೇ ಕಡೆಗೆ ತಂದರೆ 2 ಕಾಸ್ ಸ್ಕ್ವೇರ್ ಪ್ಲಸ್ 3 ಕಾಸ್ ಮೈನಸ್ 2 = 0 ಅನ್ನುವ ವರ್ಗಸಮೀಕರಣ ಬರುತ್ತದೆ. ಅಪವರ್ತಿಸಿದರೆ ಕಾಸ್ ಎಕ್ಸ್ ಅರ್ಧ ಅಥವಾ ಮೈನಸ್ 2. ಕಾಸ್‌ನ ಬೆಲೆ ಮೈನಸ್ 1ಕ್ಕಿಂತ ಕೆಳಗೆ ಹೋಗುವುದಿಲ್ಲ, ಹಾಗಾಗಿ ಮೈನಸ್ 2 ಬಿಡಬೇಕು. ಉಳಿದದ್ದು ಅರ್ಧ. ಉತ್ತರ 60 ಮತ್ತು 300 ಡಿಗ್ರಿ.

ಈಗ ಒಬ್ಬ ಹುಡುಗಿ ಸಮೀಕರಣದ ಆ ಕಡೆಯಿಂದ ಈ ಕಡೆಗೆ ತರುವಾಗ ಚಿಹ್ನೆ ತಪ್ಪಿಸಿಕೊಂಡಳು ಅನ್ನಿ. ಅವಳ ಸಮೀಕರಣದಲ್ಲಿ ಪ್ಲಸ್ 3 ಕಾಸ್ ಬದಲು ಮೈನಸ್ 3 ಕಾಸ್ ಇದೆ. ಅಲ್ಲಿಂದ ಮುಂದೆ ಅವಳು ಸರಿಯಾಗಿಯೇ ಅಪವರ್ತಿಸಿದ್ದಾಳೆ. ಕಾಸ್ ಎಕ್ಸ್ ಮೈನಸ್ ಅರ್ಧ ಅಥವಾ 2 ಅಂತ ಬಂದಿದೆ. 2 ಆಗುವುದಿಲ್ಲ ಅಂತ ಕಾರಣ ಬರೆದು ಬಿಟ್ಟಿದ್ದಾಳೆ. ಮೈನಸ್ ಅರ್ಧಕ್ಕೆ ಎರಡನೇ ಮತ್ತು ಮೂರನೇ ಚತುರ್ಥಕ ನೋಡಬೇಕು ಅಂತ ಗೊತ್ತಿದೆ. 120 ಮತ್ತು 240 ಡಿಗ್ರಿ ಅಂತ ಮುಗಿಸಿದ್ದಾಳೆ. ಕೊನೆಯ ಉತ್ತರ ಪೂರ್ತಿ ತಪ್ಪು. ಆದರೆ ಅವಳು ತಪ್ಪು ಮಾಡಿದ್ದು ಒಂದೇ ಸಾಲಿನಲ್ಲಿ. ತ್ರಿಕೋನಮಿತಿ ಅವಳಿಗೆ ಚೆನ್ನಾಗಿ ಬರುತ್ತದೆ, ಅಲ್ವಾ? ಒಂದು ಚಿಹ್ನೆಗೆ ಒಂದು ಅಂಕ ಹೋಗಬೇಕೇ ಹೊರತು ಅದರ ಕೆಳಗಿನ ಪ್ರತಿ ಸಾಲಿಗೂ ಮತ್ತೆ ಮತ್ತೆ ದಂಡ ಬೀಳಬಾರದು. ಹೀಗೆ ಮೊದಲ ತಪ್ಪನ್ನು ಹಿಡಿದುಕೊಂಡೇ ಮುಂದಿನ ಸರಿಯಾದ ಕೆಲಸಕ್ಕೆ ಕೊಡುವ ಅಂಕವೇ ಫಾಲೋ ಥ್ರೂ.

ಈ ಹೆಸರು ಬಂದಿರುವುದು ಬ್ರಿಟನ್ ಕಡೆಯ ಎ ಲೆವೆಲ್ (ನಮ್ಮ ಪಿಯುಸಿಯಂಥ) ಪರೀಕ್ಷೆಗಳ ಮಾರ್ಕ್ ಸ್ಕೀಮ್‌ಗಳಿಂದ. ಬೆಂಗಳೂರಿನಲ್ಲೂ ಕೇಂಬ್ರಿಡ್ಜ್ ಇಂಟರ್‌ನ್ಯಾಷನಲ್ ಎ ಲೆವೆಲ್ ಕಲಿಸುವ ಶಾಲೆಗಳಿವೆ, ಹಾಗಾಗಿ ಇಲ್ಲಿಯ ಕೆಲವು ಮೇಷ್ಟ್ರುಗಳಿಗೂ ಈ ಮಾತು ರೂಢಿ. ಅಲ್ಲಿ ಪ್ರತಿ ಅಂಕಕ್ಕೂ ಒಂದು ಅಕ್ಷರ ಇರುತ್ತದೆ. ಎಂ ಅಂದರೆ ವಿಧಾನಕ್ಕೆ. ಎ ಅಂದರೆ ಉತ್ತರ ನಿಖರವಾಗಿದ್ದರೆ. ಬಿ ಅಂದರೆ ವಿಧಾನದ ಹಂಗಿಲ್ಲದೆ ಒಂದು ಸರಿಯಾದ ಮಾತಿಗೆ ಅಥವಾ ಬೆಲೆಗೆ ಕೊಡುವುದು. ವಿಧಾನದ ಎಂ ಸಿಗದಿದ್ದರೆ ಅದಕ್ಕೆ ಅಂಟಿಕೊಂಡ ಎ ಕೂಡ ಸಿಗುವುದಿಲ್ಲ. ಮೇಲಿನ ಹುಡುಗಿಗೆ ಸಮೀಕರಣದ ಎ ಹೋಯಿತು, ಆದರೆ ಅದನ್ನು ಬಿಡಿಸಿದ ಎಂ ಉಳಿಯಿತು. ಕೊನೆಯ ಕೋನಗಳಿಗೆ ಅಂಕ ಉಂಟೋ ಇಲ್ಲವೋ ಅನ್ನುವುದು ಆ ಸಾಲಿನ ಪಕ್ಕದಲ್ಲಿ ‘ಎಫ್‌ಟಿ’ ಅಂತ ಬರೆದಿದೆಯೋ ಇಲ್ಲವೋ ಅನ್ನುವುದರ ಮೇಲೆ ನಿಂತಿದೆ.

ನಮ್ಮ ಪಿಯು ಸ್ಕೀಮ್‌ನಲ್ಲಿ ಈ ಅಕ್ಷರಗಳ ಏರ್ಪಾಡಿಲ್ಲ. ಸಾಲಿನ ಎದುರು ಅಂಕ ಬರೆದಿರುತ್ತದೆ, ಅಷ್ಟೆ. ಮುಂದಿನ ಹಂತಗಳಿಗೆ ಎಷ್ಟು ಕೊಡಬೇಕು ಅಂತ ಅನುಮಾನ ಬಂದರೆ ಮೌಲ್ಯಮಾಪಕರು ತಮ್ಮ ತಂಡದ ಮೇಲ್ವಿಚಾರಕರಾದ ಡೆಪ್ಯೂಟಿ ಚೀಫ್ ಹತ್ತಿರ ಹೋಗಿ ಕೇಳುತ್ತಾರೆ. ‘ಮುಂದಿಂದೆಲ್ಲ ಸರಿ ಇದ್ಯಲ್ಲ, ಕೊಡಿ’ ಅಂತ ಅವರು ಅನ್ನುತ್ತಾರೆ. ಅಂದರೆ ಪದ್ಧತಿ ಇದೆ, ಹೆಸರಿಲ್ಲ. ಹೆಸರಿಲ್ಲದ್ದನ್ನು ಒಬ್ಬ ವಿದ್ಯಾರ್ಥಿ ಮರುಮೌಲ್ಯಮಾಪನದಲ್ಲಿ ಕೇಳುವುದಾದರೂ ಹೇಗೆ?

ಇಲ್ಲಿಯವರೆಗೆ ಕೆಲವು ಪದಗಳನ್ನು ಇಟ್ಟು ನೋಡಿದೆ. ‘ಅನುಸರಣಾ ಅಂಕ’ ಅಂದರೆ ಸರ್ಕಾರಿ ಕಡತದ ವಾಸನೆ ಬರುತ್ತದೆ. ‘ಅನುಸರಣಾ ವರದಿ’ ಓದಿದವರಿಗೆ ಯಾರ ಆದೇಶವನ್ನು ಪಾಲಿಸಿದ್ದಕ್ಕೆ ಈ ಅಂಕ ಅಂತ ಅನಿಸಬಹುದು. ‘ಮುಂದುವರಿಕೆ ಅಂಕ’ ಕೇಳಲು ಹಿತವಾಗಿದೆ. ಆದರೆ ಉತ್ತರಪತ್ರಿಕೆಯಲ್ಲಿ ಮಕ್ಕಳು ‘ಮುಂದುವರಿದಿದೆ’ ಅಂತ ಬರೆದು ಇನ್ನೊಂದು ಪುಟಕ್ಕೆ ಹೋಗುವ ರೂಢಿ ಇದೆ. ಆ ಪುಟದ ಅಂಕ ಅಂತ ತಿಳಿಯುವವರು ಖಂಡಿತ ಇರುತ್ತಾರೆ.

ಒಂದು ಪದವನ್ನಂತೂ ಯಾರೂ ಸೂಚಿಸಬೇಡಿ ಅಂತ ಕೇಳಿಕೊಳ್ಳುತ್ತೇನೆ: ‘ಕೃಪಾಂಕ’. ಅದು ಗ್ರೇಸ್ ಮಾರ್ಕ್ಸ್‌ಗೆ ಪತ್ರಿಕೆಗಳು ಬಳಸಿ ಬಳಸಿ ನೆಲೆಗೊಂಡ ಪದ. ಪ್ರಶ್ನೆಯಲ್ಲೇ ತಪ್ಪಿದ್ದರೆ, ಪಠ್ಯದ ಹೊರಗಿನ ಪ್ರಶ್ನೆ ಬಂದಿದ್ದರೆ ಕೊಡುವುದು ಕೃಪಾಂಕ. ಫಾಲೋ ಥ್ರೂ ಅಂಕ ಯಾರ ಕೃಪೆಯೂ ಅಲ್ಲ. ಅಪವರ್ತಿಸಲು ಬರಬೇಕು, ಕಾಸ್ 2 ಆಗಲಾರದು ಅಂತ ತಿಳಿದಿರಬೇಕು, ಚತುರ್ಥಕ ಸರಿಯಾಗಿ ಹಿಡಿಯಬೇಕು. ಇಷ್ಟೆಲ್ಲ ಮಾಡಿ ಗಳಿಸಿದ್ದನ್ನು ದಾನ ಅನ್ನುವುದು ಸರಿಯಲ್ಲ. ತಂದೆತಾಯಿ ‘ಮೇಷ್ಟ್ರು ಪಾಪ ಅಂತ ಎರಡು ಮಾರ್ಕ್ಸ್ ಹಾಕಿದ್ದಾರೆ’ ಅನ್ನುವುದನ್ನು ಕೇಳಿದ್ದೇನೆ. ಆ ಮಗುವಿಗೆ ತಾನು ಗಳಿಸಿದ್ದೇ ಗೊತ್ತಾಗದೆ ಹೋಗುತ್ತದೆ. ನನಗೆ ಈ ಪದ ಬೇಕಾಗಿರುವುದು ಮುಖ್ಯವಾಗಿ ಇದೇ ಕಾರಣಕ್ಕೆ.

ಬ್ರಿಟನ್ನಿನ ಸ್ಕೀಮ್‌ಗಳಲ್ಲಿ ಒಂದು ಸಣ್ಣ ಮಾತು ಪದೇ ಪದೇ ಬರುತ್ತದೆ, ‘ದೇರ್’ (their) ಅಂತ. ‘ದೇರ್’ ವರ್ಗಸಮೀಕರಣವನ್ನು ಬಿಡಿಸಿದ್ದರೆ ಎಂ 1 ಕೊಡಿ, ಹೀಗೆ. ಸ್ಕೀಮ್‌ನಲ್ಲಿರುವ ಸಮೀಕರಣವಲ್ಲ, ಬರೆದವರಿಗೆ ಬಂದಿರುವ ಸಮೀಕರಣ ಅನ್ನುವುದು ಅದರ ಅರ್ಥ. ಇದನ್ನು ಕನ್ನಡಕ್ಕೆ ತರುವಾಗ ‘ಅವರ’ ಅಂದರೆ ಯಾರ ಅಂತ ಗೊಂದಲವಾಗುತ್ತದೆ. ‘ಅವನ’ ಅಂದರೆ ಹುಡುಗಿಯರು ಬಿಟ್ಟುಹೋಗುತ್ತಾರೆ. ‘ತನ್ನ’ ಅಂದರೆ ಸರಿಯಾಗಿ ಕೂರುತ್ತದೆ. ‘ತನ್ನ ಸಮೀಕರಣವನ್ನು ಸರಿಯಾಗಿ ಬಿಡಿಸಿದ್ದರೆ 1 ಅಂಕ.’ ಹುಡುಗನಿಗೂ ಆಯಿತು, ಹುಡುಗಿಗೂ ಆಯಿತು. ಅದಕ್ಕೇ ‘ತನ್ನ ಲೆಕ್ಕದಂತೆ ಸರಿ’ ಅಂತ ಈಗ ಬರೆದುಕೊಂಡಿದ್ದೇನೆ. ಅರ್ಥ ಪೂರ್ತಿ ಬರುತ್ತದೆ. ಆದರೆ ಅದು ವಾಕ್ಯದ ತುಂಡು, ಹೆಸರಲ್ಲ. ‘ಇವಳಿಗೆ ಎರಡು ಫಾಲೋ ಥ್ರೂ ಸಿಗಬೇಕಿತ್ತು’ ಅನ್ನುವ ಕಡೆ ಅದನ್ನು ಇಡಲಾಗುವುದಿಲ್ಲ.

ಪದ ಸೂಚಿಸುವವರು ಇದರ ಎಲ್ಲೆಯನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ. ‘ಕಂಡುಹಿಡಿಯಿರಿ’ ಅನ್ನುವ ಪ್ರಶ್ನೆಗೆ ಈ ಅಂಕ ಸಲ್ಲುತ್ತದೆ. ‘ತೋರಿಸಿ’, ‘ಸಾಧಿಸಿ’ ಅನ್ನುವ ಪ್ರಶ್ನೆಯ ಕೊನೆಯ ಸಾಲಿಗೆ ಸಲ್ಲುವುದಿಲ್ಲ, ಯಾಕೆಂದರೆ ಉತ್ತರ ಪ್ರಶ್ನೆಯಲ್ಲೇ ಇದೆ. ಎನ್‌ಸಿಇಆರ್‌ಟಿ ಪುಸ್ತಕದ ಈ ಲೆಕ್ಕ ಪಿಯುಸಿ ಓದಿದವರಿಗೆಲ್ಲ ಪರಿಚಿತ: ವೈ = 3 ಕಾಸ್ ಲಾಗ್ ಎಕ್ಸ್ ಪ್ಲಸ್ 4 ಸೈನ್ ಲಾಗ್ ಎಕ್ಸ್ ಆದರೆ ಎಕ್ಸ್ ಸ್ಕ್ವೇರ್ ವೈ2 ಪ್ಲಸ್ ಎಕ್ಸ್ ವೈ1 ಪ್ಲಸ್ ವೈ = 0 ಎಂದು ತೋರಿಸಿ. (ವೈ1, ವೈ2 ಅಂದರೆ ವೈನ ಮೊದಲ ಮತ್ತು ಎರಡನೇ ಅವಕಲನ, ಡಿಫರೆನ್ಷಿಯೇಷನ್.) ಮೊದಲ ಅವಕಲನದಲ್ಲಿ ಕಾಸ್‌ಗೆ ಬರಬೇಕಾದ ಮೈನಸ್ ಬಿಟ್ಟುಹೋದರೆ ಕೊನೆಗೆ ಬಲಗಡೆ ಬರಬೇಕಾದ ಮೈನಸ್ ವೈ ಬರುವುದೇ ಇಲ್ಲ. ಆದರೂ ಕೆಲವರು ಕೊನೆಯ ಸಾಲಿನಲ್ಲಿ ಅದನ್ನು ಎಳೆದು ತಂದು ಕೂರಿಸಿರುತ್ತಾರೆ. ಎರಡನೇ ಸಲ ಅವಕಲಿಸಿದ ವಿಧಾನಕ್ಕೆ ಅಂಕ ಉಂಟು. ಎಳೆದು ತಂದ ಸಾಲಿಗೆ ಇಲ್ಲ. ಇಲ್ಲಿ ನಿಜವಾಗಿ ‘ತನ್ನ ಲೆಕ್ಕದಂತೆ’ ನಡೆದಿದ್ದರೆ ಸೊನ್ನೆ ಬರುತ್ತಲೇ ಇರಲಿಲ್ಲ.

ಜೊತೆಗೆ ಇನ್ನೊಂದು ತೊಡಕು. ‘ಹೊಡೆದು ಹಾಕು’ ಅನ್ನುವ ಮಾತು. ತರಗತಿಯಲ್ಲಿ ಕ್ಯಾನ್ಸಲ್ ಮಾಡುವುದಕ್ಕೂ ಇದೇ ಮಾತು, ಬರೆದ ಉತ್ತರದ ಮೇಲೆ ಗೆರೆ ಎಳೆಯುವುದಕ್ಕೂ ಇದೇ ಮಾತು. ಸೈನ್ 2ಎಕ್ಸ್ = ಕಾಸ್ ಎಕ್ಸ್ ಅನ್ನುವ ಲೆಕ್ಕದಲ್ಲಿ ಸೈನ್ 2ಎಕ್ಸ್ ಜಾಗದಲ್ಲಿ 2 ಸೈನ್ ಎಕ್ಸ್ ಕಾಸ್ ಎಕ್ಸ್ ಹಾಕಿ, ಎರಡೂ ಕಡೆಯ ಕಾಸ್ ಎಕ್ಸ್ ಹೊಡೆದು ಹಾಕಿದರೆ 30 ಮತ್ತು 150 ಮಾತ್ರ ಉಳಿಯುತ್ತವೆ. ಕಾಸ್ ಎಕ್ಸ್ ಸೊನ್ನೆಯಾಗುವ 90 ಮತ್ತು 270 ಕಳೆದುಹೋಗುತ್ತವೆ, ಅವುಗಳ ಅಂಕವೂ ಹೋಗುತ್ತದೆ. ಇನ್ನೊಂದು ಕಡೆ, ಗೆರೆ ಎಳೆದ ಉತ್ತರ, ಹೆಚ್ಚಿಗೆ ಬರೆದ ಉತ್ತರ, ಎರಡು ಸಲ ಬರೆದ ಉತ್ತರ ಎಲ್ಲವನ್ನೂ ನೋಡಿ ಯಾವುದಕ್ಕೆ ಜಾಸ್ತಿ ಅಂಕ ಬರುತ್ತದೋ ಅದನ್ನು ತೆಗೆದುಕೊಳ್ಳಬೇಕು ಅನ್ನುವುದು ನಮ್ಮ ಪಿಯು ಸ್ಕೀಮ್‌ನ ಸೂಚನೆ. ಇಂಗ್ಲೆಂಡಿನ ಎಡೆಕ್ಸೆಲ್ ಬೋರ್ಡಿನಲ್ಲಿ ಹಾಗಲ್ಲ. ಗೆರೆ ಎಳೆದದ್ದರ ಬದಲು ಬೇರೆ ಉತ್ತರ ಬರೆದಿದ್ದರೆ ಹಳೆಯದನ್ನು ನೋಡುವುದಿಲ್ಲ. ನಮ್ಮದು ಮಕ್ಕಳ ಪಾಲಿಗೆ ಉದಾರವಾದ ನಿಯಮ, ಒಳ್ಳೆಯದು. ಆದರೆ ಕೈಪಿಡಿಯಲ್ಲಿ ‘ಹೊಡೆದು ಹಾಕಿದ್ದಕ್ಕೂ ಅಂಕ ಉಂಟು’ ಅಂತ ಬರೆದರೆ ಕಾಸ್ ಎಕ್ಸ್ ಹೊಡೆದು ಹಾಕಿದ ಹುಡುಗ ಬಂದು ಕೇಳುತ್ತಾನೆ! ಸದ್ಯಕ್ಕೆ ಒಂದಕ್ಕೆ ‘ಗೆರೆ ಎಳೆದ ಉತ್ತರ’, ಇನ್ನೊಂದಕ್ಕೆ ‘ಎರಡೂ ಕಡೆ ಭಾಗಿಸುವುದು’ ಅಂತ ಬೇರೆ ಮಾಡಿದ್ದೇನೆ. ಹಳ್ಳಿಯ ಶಾಲೆಯಿಂದ ಬಂದವರಿಗೆ ಇದು ಹೊಂದುತ್ತದೆಯೇ ತಿಳಿಸಿ.

‘ಕಟ್’ ಬಗ್ಗೆಯೂ ಒಂದು ಮಾತು. ‘ಯಾಕೆ ಕಟ್ ಆಯ್ತು?’ ಅಂತಲೇ ಎಲ್ಲರೂ ಕೇಳುತ್ತಾರೆ. ಆದರೆ ಸ್ಕೀಮ್ ಇರುವುದು ಪೂರ್ತಿ 5 ಕೈಯಲ್ಲಿಟ್ಟುಕೊಂಡು ಕಳೆಯುತ್ತಾ ಹೋಗುವುದಕ್ಕಲ್ಲ. ಸೊನ್ನೆಯಿಂದ ಶುರುಮಾಡಿ, ಸರಿ ಇದ್ದದ್ದಕ್ಕೆ ಕೊಡುತ್ತಾ ಹೋಗುವುದಕ್ಕೆ. ಅನುಕಲನದ (ಇಂಟಿಗ್ರೇಷನ್) ಕೊನೆಗೆ ‘ಪ್ಲಸ್ ಸಿ’ ಬರೆಯದಿದ್ದರೆ, ಅದಕ್ಕೆಂದೇ ಇಟ್ಟಿದ್ದ ಅಂಕ ಬರಲಿಲ್ಲ, ಅಷ್ಟೆ. ಅದಕ್ಕೆ ಕೈಪಿಡಿಯಲ್ಲಿ ‘ಕಡಿತ’ ಅನ್ನುವ ಪದವನ್ನೇ ಬಳಸಿಲ್ಲ. ‘ಸಿಗಲಿಲ್ಲ’ ಅಂತ ಬರೆದಿದ್ದೇನೆ.

ಇನ್ನೊಂದು ಸಣ್ಣ ಪ್ರಶ್ನೆ. ಉತ್ತರ ಸರಿಯಾಗಿ ಬಂದ ಮೇಲೆ ಅದನ್ನು ಸುಮ್ನೆ ಇನ್ನಷ್ಟು ‘ಸುಲಭ ಮಾಡಲು’ ಹೋಗಿ ಕೆಡಿಸಿಕೊಳ್ಳುವವರಿದ್ದಾರೆ. ಎಕ್ಸ್ ಸ್ಕ್ವೇರ್ ಸೈನ್ ಎಕ್ಸ್‌ನ ಅವಕಲನ 2ಎಕ್ಸ್ ಸೈನ್ ಎಕ್ಸ್ ಪ್ಲಸ್ ಎಕ್ಸ್ ಸ್ಕ್ವೇರ್ ಕಾಸ್ ಎಕ್ಸ್. ಅಷ್ಟು ಬರೆದು ನಿಲ್ಲಿಸದೆ, ಎಕ್ಸ್ ಹೊರಗೆ ತೆಗೆಯುವಾಗ ಕಾಸ್ ಜೊತೆಗಿನ ಎಕ್ಸ್ ಬಿಟ್ಟಿರುತ್ತಾರೆ. ಬ್ರಿಟನ್ನಿನ ಸ್ಕೀಮ್‌ನಲ್ಲಿ ಇಂಥ ಕಡೆ ‘ಐಎಸ್‌ಡಬ್ಲ್ಯೂ’ ಅಂತ ಇರುತ್ತದೆ: ಉತ್ತರ ಬಂದ ಮೇಲಿನದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ‘ಆಮೇಲಿನದು ಲೆಕ್ಕಕ್ಕಿಲ್ಲ’ ಅಂತ ಇಟ್ಟಿದ್ದೇನೆ. ಇದು ನನಗೆ ಒಪ್ಪಿಗೆಯಾಗಿದೆ, ಯಾರಿಗಾದರೂ ಆಕ್ಷೇಪ ಇದ್ದರೆ ಹೇಳಿ.

ಫಂಕ್ಷನ್‌ಗೆ ‘ಉತ್ಪನ್ನ’ ಬೇಕೋ ‘ಫಲನ’ ಬೇಕೋ ಅನ್ನುವ ಚರ್ಚೆಯನ್ನು ದಯವಿಟ್ಟು ಇಲ್ಲಿ ಎತ್ತಬೇಡಿ. ಎರಡೂ ಬಳಕೆಯಲ್ಲಿವೆ, ಮಕ್ಕಳು ಓದಿದ ಪುಸ್ತಕದಲ್ಲಿ ಯಾವುದಿದೆಯೋ ಅದನ್ನೇ ಹಾಕುತ್ತೇನೆ.

ನನಗೆ ಬೇಕಾದದ್ದು ಫಾಲೋ ಥ್ರೂಗೆ ಒಂದು ನಾಮಪದ. ಎರಡು ಮೂರು ಅಕ್ಷರದ್ದಾದರೆ ಒಳ್ಳೆಯದು, ಅಂಚಿನಲ್ಲಿ ಬರೆಯಲು ಬರಬೇಕು. ಹೊಸದಾಗಿ ಕಟ್ಟಿದ್ದಕ್ಕಿಂತ ಈಗಾಗಲೇ ಯಾರಾದರೂ ಬಾಯಲ್ಲಿ ಆಡುವ ಮಾತಿದ್ದರೆ ಅದೇ ಬೇಕು. ಕಲಬುರಗಿ, ವಿಜಯಪುರ, ಮಂಗಳೂರು ಕಡೆಯ ಮೌಲ್ಯಮಾಪನ ಕೇಂದ್ರಗಳಲ್ಲಿ ಕೂತು ಬಂದ ಗಣಿತದ ಮೇಷ್ಟ್ರುಗಳು, ಮೇಡಂಗಳು ನಮ್ಮ ನಡುವೆ ಇದ್ದಾರೆ. ಪಕ್ಕದವರಿಗೆ ‘ಇದಕ್ಕೆ ಕೊಡಬಹುದಾ?’ ಅಂತ ಪತ್ರಿಕೆ ತೋರಿಸುವಾಗ ನಿಮ್ಮ ಕಡೆ ಇದನ್ನು ಏನಂತ ಕರೆಯುತ್ತೀರಿ?